ಬಿಸಿ ಗಾಡಿಯ ಸಾಕ್ಷಿ

ಬಂಪರಿನ ಮೂಲೆಗೆ ಸಿಕ್ಕಿಕೊಂಡಿದ್ದ ನೂಲಿನೆಳೆಯನ್ನು ಅವನು ನಿನ್ನೆಯೇ ನೋಡಿದ್ದ. ಇವತ್ತು ನೋಡಬಾರದು ಅಂದುಕೊಂಡೇ ಷೆಡ್ಡಿನ ಬಾಗಿಲು ಎತ್ತಿದ, ಕಣ್ಣು ಸೀದಾ ಅಲ್ಲಿಗೇ ಹೋಯಿತು. ನೀಲಿ ಎಳೆ. ಅಕ್ಕನ ಬಟ್ಟೆಯದು. ಎರಡು ರಾತ್ರಿ ಒಂದೇ ಕಡೆ ನಿಂತು ಗಾಡಿ ಕಲ್ಲಿನ ಹಾಗೆ ತಣ್ಣಗಾಗಿತ್ತು. ಎಷ್ಟು ತಣ್ಣಗಾಗಿದೆ ನೋಡೋಣವೆಂದು ಬಾನೆಟ್ಟಿನ ಮೇಲೆ ಅಂಗೈ ಇಡಲು ಹೋದ. ಇಡಬೇಕೆಂದಿದ್ದ ಕೈ ಏಟಾಗಿ ಬಿತ್ತು, ತಗಡು ಬೀದಿಗೆ ಕೇಳುವ ಹಾಗೆ ಕೂಗಿಕೊಂಡಿತು. ಪಕ್ಕದ ಷೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನು ಹಲ್ಲುಜ್ಜುತ್ತ ಹೊರಗೆ ನಿಂತಿದ್ದ. "ಏನ್ ಮೇಷ್ಟ್ರೇ, ಬೆಳಬೆಳಿಗ್ಗೇನೇ ಶಿಷ್ಯನಿಗೆ ಏಟಾ?" ಅಂದ. ತಾನೇ ಗೇರು ಬದಲಿಸಿಕೊಳ್ಳುವ ಗಾಡಿಗಳ ಗೇರುಪೆಟ್ಟಿಗೆಯನ್ನು ಬಿಚ್ಚಿ ಓದುವವನು ಆ ಸುತ್ತಿನಲ್ಲಿ ಇವನೊಬ್ಬನೇ ಆದ್ದರಿಂದ ಬೀದಿಯವರೆಲ್ಲ ಇವನನ್ನು ಕರೆಯುವುದೇ ಗೇರು ಮೇಷ್ಟ್ರು ಎಂದು. ಹಾಗಂದ ಮೇಲೆ ಬಣ್ಣದವನಿಗೆ ಇದು ಯಾವ ಗಾಡಿ ಅನ್ನುವುದು ನೆನಪಾಯಿತು. ಬಾಯಿಯ ನೊರೆಯನ್ನು ಉಗುಳಲೂ ಆಗದೆ ನುಂಗಲೂ ಆಗದೆ ಹಾಗೆಯೇ ಒಳಗೆ ಹೋದ.

ಶನಿವಾರ ಬೆಳಿಗ್ಗೆ ಈ ಗಾಡಿ ಅಕ್ಕನನ್ನು ಗೇಟಿನ ಕಂಬಕ್ಕೆ ಒತ್ತಿ ಅವಳ ಬಲಮಂಡಿಯನ್ನು ಪುಡಿ ಮಾಡಿತ್ತು. ಗೇಟು ತೆಗೆಯಲೆಂದು ಅವಳು ಗಾಡಿಯ ಮುಂದೆ ಹೋಗಿದ್ದಳು. ಭಾವ ಒಳಗೆ ಕೂತಿದ್ದ. ಭಾವನ ಮಾತು ಇಷ್ಟೇ: ಮುಂದಕ್ಕೆ ಹೋಗಲು ಗೇರನ್ನು 'ಡಿ'ಗೆ ಹಾಕಿದೆ, ಗಾಡಿ ಅಲ್ಲಾಡಲಿಲ್ಲ, ಸ್ವಲ್ಪ ತುಳಿದೆ, ಆಗಲೂ ಅಲ್ಲಾಡಲಿಲ್ಲ, ಇನ್ನೂ ತುಳಿದೆ, ಆಮೇಲೆ ಒಮ್ಮೆಗೇ ಗೇರು ಬಿದ್ದು ಹಾರಿತು. ಅಕ್ಕಪಕ್ಕದವರ ಮಾತು ಬೇರೆ. ಅದಕ್ಕೆ ಐದು ನಿಮಿಷ ಮೊದಲು ಆ ಮನೆಯಿಂದ ಗಂಡಸಿನ ಕೂಗು ಕೇಳಿತ್ತು, ಪಾತ್ರೆ ಬಿದ್ದ ಸದ್ದು ಕೇಳಿತ್ತು, ಒಂಬತ್ತು ವರ್ಷದಿಂದ ಕೇಳುತ್ತಲೇ ಇತ್ತು. ಠಾಣೆಯ ಇನ್ಸ್‌ಪೆಕ್ಟರು ಗಾಡಿಯನ್ನು ಇಲ್ಲಿಗೇ ಎಳೆಸಿಕೊಂಡು ಬಂದಿದ್ದರು. "ನೀನು ಅವಳ ತಮ್ಮ ಅಂತ ಗೊತ್ತು. ಅದಕ್ಕೇ ನಿನ್ನ ಹತ್ರ ತಂದೆ. ಗಾಡಿ ತಪ್ಪು ಅಂತ ನೀನೇ ಅಂದ್ರೆ ಯಾರೂ ಎರಡು ಮಾತಾಡಲ್ಲ. ತಪ್ಪಿಲ್ಲ ಅಂದ್ರೆ, ನಾನು ಬಂದು ಕಣ್ಣಾರೆ ನೋಡಿ ಅವನನ್ನ ಒಳಗೆ ಹಾಕ್ತೀನಿ. ಸೋಮವಾರ ಒಂಬತ್ತಕ್ಕೆ ಬರ್ತೀನಿ, ತೋರ್ಸು." ಅವರು ಹಾಗೆ ಅನ್ನುವಾಗ ಇವನ ನಾಲಿಗೆಯ ತುದಿಯಲ್ಲಿ ಒಂದು ಮಾತು ಬಂದು ಕೂತಿತ್ತು. ಹತ್ತು ದಿನದ ಹಿಂದೆ ಈ ಗಾಡಿಯನ್ನು ನಾನೇ ನೋಡಿದ್ದೆ ಎಂಬ ಮಾತು. ಅದನ್ನು ಅವನು ಎಂಜಲಿನ ಜೊತೆ ನುಂಗಿಬಿಟ್ಟಿದ್ದ.

ನೋಡಿದ್ದನೇ? ಆವತ್ತು ಭಾವ ಒಂದು ಗಂಟೆ ಸುಡುಬಿಸಿಲಿನಲ್ಲಿ ಗಾಡಿ ಓಡಿಸಿಕೊಂಡು ಬಂದಿದ್ದ. ಅಂಗಡಿಗಳಿಗೆ ತೂಕದ ಯಂತ್ರ ಮಾರುವವನು, ಎಲ್ಲಿ ನಿಂತರೂ ಅದು ತನ್ನ ಅಂಗಡಿಯೇ ಎಂಬ ಹಾಗೆ ನಿಲ್ಲುವವನು. "ಬೆಳಿಗ್ಗೆ ಹೊತ್ತು ಗೇರು ತಡವಾಗಿ ಬೀಳತ್ತೆ ಮೇಷ್ಟ್ರೇ. ಮದುವೆಯಾದ ಹೊಸದರಲ್ಲಿ ನಿಮ್ಮಕ್ಕ ಕರೆದರೆ ಬರ್ತಿದ್ಲಲ್ಲ, ಹಾಗೆ. ಕರೆದು ಎಷ್ಟೋ ಹೊತ್ತಿನ ಮೇಲೆ." ಹಿಂದಿನ ಸೀಟಿನಲ್ಲಿ ಅಕ್ಕ ಕೂತಿದ್ದಳು, ಕಿಟಕಿಯ ಆ ಕಡೆಗೆ ಮುಖ ಮಾಡಿಕೊಂಡು. ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಿದ್ದ ರೀತಿಯಿಂದಲೇ ಕೆಳಗೆ ಏನಿದೆ ಎಂದು ಅವನಿಗೆ ಗೊತ್ತಾಗಿತ್ತು. ಬೆಳಗಿನ ರೋಗವನ್ನು ಬೆಳಿಗ್ಗೆಯೇ ನೋಡಬೇಕು. ಗಾಡಿಯನ್ನು ರಾತ್ರಿಯಿಡೀ ಬಿಟ್ಟು ತಣ್ಣಗಾದ ಮೇಲೆ ಮೊದಲ ಸಲ ಗೇರು ಹಾಕಿ ಎಣಿಸಬೇಕು. ಬಿಸಿಯಾದ ಪೆಟ್ಟಿಗೆ ಎಂಥ ರೋಗವನ್ನೂ ಮುಚ್ಚಿಡುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ, ಬೇರೆಯವರಿಗೆ ಅವನೇ ಹೇಳಿಕೊಡುವ ಪಾಠ. ಆದರೆ ಗಾಡಿ ಬಿಟ್ಟುಹೋಗಿ ಅಂದರೆ ಅವರಿಬ್ಬರೂ ನಾಳೆ ಮತ್ತೆ ಬರುತ್ತಾರೆ, ಆ ಕೆನ್ನೆ ಮತ್ತೆ ಬರುತ್ತದೆ, ನಾಳೆಯ ಹೊತ್ತಿಗೆ ಅದು ನೀಲಿಯಿಂದ ಹಳದಿಗೆ ತಿರುಗಿರುತ್ತದೆ. ಆದ್ದರಿಂದ ಕುದಿಯುತ್ತಿದ್ದ ಗಾಡಿಯನ್ನೇ ಹತ್ತಿ 'ಡಿ'ಗೆ ಹಾಕಿದ, ರೆಪ್ಪೆ ಬಡಿಯುವಷ್ಟರಲ್ಲಿ ಗೇರು ಬಿತ್ತು, ಆಯಿಲು ಚೂರು ಕಡಿಮೆ ಇತ್ತು, ಅರ್ಧ ಲೀಟರು ಸುರಿದ. "ಏನೂ ಇಲ್ಲ, ಓಡ್ಸಿ ಭಾವ" ಅಂದ. ಗಾಡಿ ತಿರುವಿನಲ್ಲಿ ಮರೆಯಾದಾಗ ಅವನಿಗಾದದ್ದು ನಾಚಿಕೆಯಲ್ಲ, ಸುಖ. ಹಲ್ಲುನೋವು ನಿಂತಾಗ ಆಗುತ್ತದಲ್ಲ, ಅಂಥ ಸುಖ.

ಕೆಳಗೆ ತೂರಿಕೊಂಡು ಪೆಟ್ಟಿಗೆಗೆ ಒತ್ತಡ ಅಳೆಯುವ ಗೇಜಿನ ಕೊಳವೆ ಸಿಕ್ಕಿಸಿದ. ಮೇಲಕ್ಕೆ ತಂದು ಗೇಜನ್ನು ಕಣ್ಣಿಗೆ ಕಾಣುವ ಹಾಗೆ ಕನ್ನಡಿಗೆ ನೇತುಹಾಕಿದ. ಆಯಿಲು ಅಳೆಯುವ ಕಡ್ಡಿ ಎಳೆದು ಮೂಸಿದ. ಕಮಟು, ಆದರೆ ಸುಟ್ಟದ್ದಲ್ಲ. ಒಳಗೆ ಕೂತ. ಸೀಟು ಭಾವನ ಕಾಲಿನ ಅಳತೆಗೆ ಹಿಂದಕ್ಕೆ ಸರಿದಿತ್ತು. ಅದನ್ನು ಮುಂದಕ್ಕೆ ಎಳೆಯದೆ ಕಾಲನ್ನೇ ಚಾಚಿ ಬ್ರೇಕು ತುಳಿದ. ಚಾವಿ ತಿರುಗಿಸಿದ. ಇಂಜಿನ್ನು ಕೆಮ್ಮಿ, ಏರಿ, ಇಳಿದು ಒಂದು ಹದಕ್ಕೆ ಬಂತು. ಇನ್ನು ಎಣಿಸಬೇಕು. ಈ ಕೆಲಸಕ್ಕೆ ಬೇರೆಯವರು ಗಡಿಯಾರ ಹಿಡಿಯುತ್ತಾರೆ, ಅವನಿಗೆ ಅದು ಬೇಡ. ಅವನು ಎಣಿಕೆ ಕಲಿತದ್ದು ಚಿಕ್ಕವನಿದ್ದಾಗ, ಮೇಜಿನ ಕೆಳಗೆ. ಅಪ್ಪ ದೈವಭಕ್ತ. ಪದ್ಯ ಹೇಳುತ್ತಿರುವವರ ಮೇಲೆ ಕೈ ಮಾಡುತ್ತಿರಲಿಲ್ಲ. ಅಮ್ಮನಿಗೆ ಅದು ತಿಳಿದಿತ್ತು. ಅಪ್ಪ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟ ಸದ್ದು ಕೇಳಿದ ಕೂಡಲೇ ಅಮ್ಮ ಒಲೆಯ ಮುಂದೆ ನಿಂತಲ್ಲೇ ದನಿ ತೆಗೆಯುತ್ತಿದ್ದಳು, ಉದ್ದನೆಯ ಸ್ತುತಿ, ಮುಗಿಯುತ್ತ ಬಂದರೆ ಮತ್ತೆ ಮೊದಲಿನಿಂದ. ಅಪ್ಪ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಭಕ್ತಿಯಿಂದ ಕಾಯುತ್ತಿದ್ದ. ಅಮ್ಮನಿಗೆ ಉಸಿರು ಕಟ್ಟಬೇಕು, ಅಥವಾ ಒಂದು ಸಾಲು ಮರೆಯಬೇಕು. ಅಲ್ಲಿಂದ ಏಟಿನ ತನಕ ಪದ್ಯದ ಲೆಕ್ಕದಲ್ಲಿ ಎಷ್ಟು ಮಾತ್ರೆ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಎಂಟು. ಮಂಡಿಗಳ ನಡುವೆ ತಲೆ ಇಟ್ಟುಕೊಂಡು ಎಂಟು ಎಣಿಸುತ್ತಿದ್ದ. ಎಣಿಸುವುದನ್ನು ಬಿಟ್ಟು ಒಂದು ದಿನವೂ ಏನೂ ಮಾಡಲಿಲ್ಲ. ಅಕ್ಕ ಮಾತ್ರ ಏಳನೆಯ ಮಾತ್ರೆಗೆ ಎದ್ದು ಓಡಿ ಅಮ್ಮನಿಗೂ ಅಪ್ಪನಿಗೂ ನಡುವೆ ಹೋಗಿ ನಿಲ್ಲುತ್ತಿದ್ದಳು, ಮುಖಕ್ಕೆ ಮುಂಗೈ ಅಡ್ಡ ಹಿಡಿದುಕೊಂಡು.

ಗೇರಿನ ಹಿಡಿಯನ್ನು 'ಡಿ'ಗೆ ಎಳೆದ. ಏನೂ ಆಗಲಿಲ್ಲ. ಗೇಜಿನ ಮುಳ್ಳು ಆಗಲೇ ನೆಟ್ಟಗೆ ಎದ್ದು ನಿಂತಿತ್ತು. ಪಂಪಿನಲ್ಲಿ ತಪ್ಪಿಲ್ಲ, ಒತ್ತಡವಿದೆ, ಆದರೆ ಹಿಡಿತವಿಲ್ಲ. ನಾಲ್ಕು, ಎಂಟು, ಹನ್ನೆರಡು. ಗಾಡಿ ಸತ್ತಂತೆ ಕೂತಿತ್ತು. ಹದಿನಾರು. ಒಳಗೆಲ್ಲೋ ಒಣಗಿ ಕಲ್ಲಾದ ರಬ್ಬರಿನ ಸೀಲಿನ ಅಂಚಿನಿಂದ ಎಣ್ಣೆ ಸೋರಿ ಸೋರಿ, ಕ್ಲಚ್ಚಿನ ಬಿಲ್ಲೆಗಳು ಒಂದನ್ನೊಂದು ಮುಟ್ಟಲಾರದೆ ಸುತ್ತುತ್ತಿದ್ದವು, ಅವನು ಅದನ್ನು ಅಂಗೈಯಲ್ಲಿ ಹಿಡಿದಂತೆ ಕಾಣಬಲ್ಲವನಾಗಿದ್ದ. ಇಪ್ಪತ್ತನೆಯ ಮಾತ್ರೆಗೆ, ಅಂದರೆ ಐದು ಸೆಕೆಂಡಿಗೆ, ಧಡ್ ಎಂದು ಬಿತ್ತು. ಬ್ರೇಕು ತುಳಿದಿದ್ದರೂ ಗಾಡಿ ಹೂಂಕರಿಸಿ ಮೂತಿ ಎತ್ತಿತು. ಅವನ ಹಲ್ಲಿಗೆ ಹಲ್ಲು ತಾಗಿತು. ಆಕ್ಸಿಲರೇಟರ್ ಮುಟ್ಟದೆಯೇ ಇಷ್ಟು. ಐದು ಸೆಕೆಂಡು ಅಲ್ಲಾಡದ ಗಾಡಿಯಲ್ಲಿ ಕೂತ ಯಾರೇ ಆಗಲಿ, ಎಂಥ ತಾಳ್ಮೆಯವನೇ ಆಗಲಿ, ತುಳಿಯುತ್ತಾನೆ.

ಭಾವ ಸುಳ್ಳು ಹೇಳಿರಲಿಲ್ಲ.

ಎರಡು ದಿನದಿಂದ ಅವನು ಬೇಡಿಕೊಂಡಿದ್ದದ್ದು ಒಂದೇ. ದೇವರೇ, ಈ ಗಾಡಿ ಸರಿಯಿರಲಿ. ಗಾಡಿ ಸರಿಯಿದ್ದರೆ ಅವನು ಕೊಲ್ಲಲು ಹೋದವನು, ನಾನು ಬರೀ ತಮ್ಮ. ನ್ಯೂಟ್ರಲ್ಲಿಗೆ ತಂದು ಮತ್ತೆ 'ಡಿ'ಗೆ ಹಾಕಿದ. ಈಗ ಹದಿಮೂರಕ್ಕೆ ಬಿತ್ತು. ಮತ್ತೆ ಹಾಕಿದ, ಹತ್ತಕ್ಕೆ. ಹಿಡಿಯನ್ನು ನ್ಯೂಟ್ರಲ್ಲಿಗೆ ತಂದು ಬಿಟ್ಟ. ಎಣ್ಣೆ ಬೆಚ್ಚಗಾಗುತ್ತಿತ್ತು, ಸೀಲು ಮೆತ್ತಗಾಗುತ್ತಿತ್ತು, ಅವನ ಕಣ್ಣೆದುರೇ ತಪ್ಪು ಕರಗುತ್ತಿತ್ತು. ಇಂಜಿನ್ನನ್ನು ಹೀಗೇ ಓಡಲು ಬಿಟ್ಟರೆ ಅರ್ಧ ಗಂಟೆಯಲ್ಲಿ ಗಾಡಿ ಹಾಲು ಕುಡಿದ ಮಗುವಿನಂತಾಗುತ್ತದೆ. ಠಾಣೆಯವರು ಬಂದು, ತಾವೇ ಕೂತು, ತಾವೇ ಹಾಕಿ ನೋಡಲಿ. ಒಂದು ಸುಳ್ಳು ಮಾತನ್ನೂ ಆಡಬೇಕಾಗಿಲ್ಲ. ಬಿಸಿ ಗಾಡಿ ತಾನೇ ಸಾಕ್ಷಿ ಹೇಳುತ್ತದೆ. ಹತ್ತು ದಿನದ ಹಿಂದೆ ಹೇಡಿಯಾಗಿ ಮಾಡಿದ್ದನ್ನೇ ಇವತ್ತು ಬೇಕೆಂದು ಮಾಡುವುದು, ಅಷ್ಟೇ ವ್ಯತ್ಯಾಸ. ಇಂಜಿನ್ನು ನಿಲ್ಲಿಸಲು ಚಾವಿಯ ಮೇಲೆ ಕೈ ಇಟ್ಟ. ತಿರುಗಿಸಲಿಲ್ಲ. ಭಾವನನ್ನು ಎರಡು ಕಡೆಯಿಂದ ಹಿಡಿದು ಜೀಪಿಗೆ ದಬ್ಬುವುದನ್ನು ಮನಸ್ಸಿನಲ್ಲೇ ಕಂಡ. ಭಾವನ ಬಾಯಿಯ ಒಳಗಡೆಯನ್ನು ಕಂಡ, ಕೆಂಪಗೆ, ಕಿರುಚಲು ತೆರೆದದ್ದು. ಕಂಡದ್ದು ಎಷ್ಟು ಹಿತವಾಗಿತ್ತೆಂದರೆ ಕಾಲು ತಾನಾಗಿ ಆಕ್ಸಿಲರೇಟರಿಗೆ ಹೋಗಿ ಇಂಜಿನ್ನನ್ನು ಇನ್ನಷ್ಟು ಕೆರಳಿಸಿತು.

ಫೋನು ಬಡಿಯಿತು. ಅಕ್ಕ. ಆಸ್ಪತ್ರೆಯ ಹಾಸಿಗೆಯಿಂದ.

"ಏನೋ, ನೋಡಿದ್ಯಾ?"

"ನೋಡ್ದೆ."

"ಹಾರತ್ತಾ?"

"ಅಕ್ಕಾ, ಆಗ ನೀನು ಅವರ ಕಡೆ ನೋಡ್ತಿದ್ಯಾ?"

"ಚಿಲಕ ಕೈಲಿತ್ತು. ಇಂಜಿನ್ ಕೂಗಿದ್ದಕ್ಕೆ ತಿರುಗಿ ನೋಡ್ದೆ. ಹೊಡೆಯೋ ಮುಖ ನನಗೆ ಗೊತ್ತಿಲ್ವೇನೋ? ಅದಲ್ಲ ಅದು. ನನಗಿಂತ ಜಾಸ್ತಿ ಹೆದರಿದ್ರು."

"ಅದು ನಿನಗೆ ಗೊತ್ತು. ನನಗೆ ಗೊತ್ತು. ಇನ್ನು ಅರ್ಧ ಗಂಟೆ ಬಿಟ್ರೆ ಗಾಡಿಗೂ ಗೊತ್ತಿರಲ್ಲ. ಒಂಬತ್ತು ವರ್ಷದ್ದು ಒಂದೇ ಏಟಿಗೆ ತೀರತ್ತೆ ಅಕ್ಕಾ."

ಆ ಕಡೆ ಯಾರೋ ತಳ್ಳುಗಾಡಿ ನೂಕಿಕೊಂಡು ಹೋದರು. ಅದರ ಗಾಲಿಗೆ ಎಣ್ಣೆ ಬೇಕು ಎಂದು ಅವನ ಕಿವಿ ತನ್ನ ಪಾಡಿಗೆ ತಾನು ಗುರುತು ಮಾಡಿಕೊಂಡಿತು. ಅಕ್ಕ ಮಾತಾಡಿದಾಗ ದನಿ ತಗ್ಗಿತ್ತು, ಆದರೆ ನಡುಗುತ್ತಿರಲಿಲ್ಲ. "ಒಂಬತ್ತು ವರ್ಷದ್ದು ನಾನೇ ಹೇಳ್ತೀನಿ ಕಣೋ. ಇವತ್ತು ಠಾಣೆಯವರು ಬರ್ಕೊಳ್ಳೋಕೆ ಬರ್ತಾರಲ್ಲ, ಒಂದೊಂದಾಗಿ ಹೇಳ್ತೀನಿ. ರಾತ್ರಿಯೆಲ್ಲ ಮಲಗಿ ಜೋಡಿಸ್ಕೊಂಡಿದೀನಿ. ನೀನು ಇದೊಂದು ಸುಳ್ಳು ಸೇರಿಸಿದ್ರೆ, ನಾಳೆ ಇದನ್ನ ಹಿಡ್ಕೊಂಡು ಅದೆಲ್ಲಾನೂ ಸುಳ್ಳು ಅಂತಾರೆ. ನಾನು ತಿಂದ ಏಟನ್ನ ಸುಳ್ಳು ಮಾಡ್ಬೇಡ."

"ಅವನ ಮೇಲೆ ನಿನಗೆ ಇನ್ನೂ..."

"ಥೂ, ಮುಚ್ಚು ಬಾಯಿ. ಮೇಷ್ಟ್ರಂತೆ ಮೇಷ್ಟ್ರು." ನಗಲು ಹೋಗಿ ನೋವಿಗೆ ಸೀತ್ಕರಿಸಿದಳು. "ಯಾರೋ ಬಂದ್ರು, ಇಡ್ತೀನಿ."

ಫೋನು ಇಟ್ಟ ಮೇಲೂ ಅವನು ಚಾವಿ ತಿರುಗಿಸಲಿಲ್ಲ. ಅವಳ ಮಾತು ಸರಿ ಎಂದು ತಲೆ ಹೇಳಿತು. ಕಾಲಿಗೆ ಅದು ತಲುಪಲಿಲ್ಲ. ಎರಡು ಸಲ ಅವಳು ಆ ಮನೆ ಬಿಟ್ಟು ಬಂದಿದ್ದಳು. ಎರಡು ಸಲವೂ ಇವನೇ, ರಿಪೇರಿಗೆ ಬಂದ ಯಾರದೋ ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಹೋಗಿ ಮತ್ತೆ ಅಲ್ಲಿಗೇ ಬಿಟ್ಟು ಬಂದಿದ್ದ. ಎರಡನೆಯ ಸಲ ಅವಳು ಇಳಿಯಲಿಲ್ಲ. ಬಾಗಿಲಿನ ಹಿಡಿಯನ್ನು ಬಿಗಿಹಿಡಿದು ಕೂತಿದ್ದಳು. ಇವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದ, ತುಕ್ಕು ಹಿಡಿದ ನಟ್ಟು ಬಿಚ್ಚುವವನ ತಾಳ್ಮೆಯಿಂದ. ಕಿರುಬೆರಳು ಸ್ವಲ್ಪ ಹೆಚ್ಚೇ ಹಿಂದಕ್ಕೆ ಬಾಗಿತ್ತು. ಅವಳು ಅಯ್ಯೋ ಅನ್ನಲಿಲ್ಲ. ಮನೆಯ ಮೆಟ್ಟಿಲಲ್ಲಿ ಭಾವ ನಗುತ್ತ ನಿಂತಿದ್ದ. "ಪರವಾಗಿಲ್ಲ ಮೇಷ್ಟ್ರೇ, ರಿಪೇರಿ ಚೆನ್ನಾಗಿ ಮಾಡಿದೀರ" ಅಂದಿದ್ದ. ಇವನೂ ನಕ್ಕಿದ್ದ. ಆ ನಗು ಇವತ್ತಿಗೂ ಮುಖದ ಚರ್ಮದ ಕೆಳಗೆ ಎಲ್ಲೋ ಉಳಿದಿದೆ, ತೆಗೆಯದೆ ಬಿಟ್ಟ ಮುಳ್ಳಿನ ಹಾಗೆ.

"ಬಿಸಿ ಮಾಡ್ತಿದೀಯಾ?"

ಭಾವ ಯಾವಾಗ ಒಳಗೆ ಬಂದನೋ, ಮುಂದಿನ ಬಂಪರಿಗೂ ಅದರ ಎದುರಿನ ಕಬ್ಬಿಣದ ಕೆಲಸದ ಮೇಜಿಗೂ ನಡುವೆ ನಿಂತಿದ್ದ. ಕೈಯಲ್ಲಿ ಕಾಫಿಯ ಫ್ಲಾಸ್ಕು. ಎರಡು ದಿನದ ಗಡ್ಡ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. "ಆಸ್ಪತ್ರೇಲಿ ಒಳಗೆ ಬಿಡಲಿಲ್ಲ. ಅವಳೇ ಬೇಡ ಅಂದ್ಲಂತೆ" ಅಂದ. ಆಮೇಲೆ ಬಾನೆಟ್ಟು ಮುಟ್ಟಿ, ಬಿಸಿ ತಾಗಿದ ಹಾಗೆ ಕೈ ತೆಗೆದುಕೊಂಡ. ಗೇಜನ್ನು ನೋಡಿದ. ಇವನನ್ನು ನೋಡಿದ. ದಡ್ಡನಲ್ಲ. "ಬೆಳಿಗ್ಗೆ ಹೊತ್ತು ಮಾತ್ರ ಅಂತ ನಾನು ಆವತ್ತೇ ಬಾಯಿಬಿಟ್ಟು ಹೇಳಿದ್ದೆ. ಹೇಳಿದ್ನೋ ಇಲ್ವೋ? ಸರಿ ಇದೆ ಓಡ್ಸಿ ಅಂದೋನು ನೀನು. ಈಗ ಬಿಸಿ ಮಾಡಿ ತೋರಿಸ್ತೀಯಾ? ನಿನ್ನ ತಪ್ಪಿಗೆ ನನ್ನ ಕುತ್ತಿಗೆ ಕೊಯ್ತೀಯೇನೋ?" ದನಿ ಏರಿತು, ಒಡೆಯಿತು. "ನಾನು ಅವಳನ್ನ ಸಾಯಿಸೋಕೆ ಹೋಗ್ಲಿಲ್ಲ ಮೇಷ್ಟ್ರೇ. ಹೊಡೆದಿದೀನಿ. ಯಾವ ಗಂಡ ಹೊಡೆಯಲ್ಲ? ಸಾಯಿಸೋಕೆ ಹೋಗ್ಲಿಲ್ಲ."

ಹಿಡಿ 'ಡಿ'ಯಲ್ಲಿ ಇತ್ತು. ಹಾಕಿದ್ದು ಯಾವಾಗ ಎಂದು ಅವನಿಗೆ ತಿಳಿಯದು. ಗೇರು ಬಿದ್ದದ್ದೂ ತಿಳಿಯಲಿಲ್ಲ, ಅಷ್ಟು ನಯವಾಗಿ ಬಿದ್ದಿತ್ತು. ಗಾಡಿ ಬ್ರೇಕಿನ ವಿರುದ್ಧ ಹದವಾಗಿ ತೀಡುತ್ತಿತ್ತು, ಹಗ್ಗಕ್ಕೆ ಕಟ್ಟಿದ ಹೋರಿಯ ಹಾಗೆ. ಈಗ ತಡವಿಲ್ಲ. ಈಗ ಕಾಲು ಎತ್ತಿದರೆ ಎತ್ತಿದ್ದೇ, ನಡುವೆ ಎಣಿಸಲು ಒಂದು ಮಾತ್ರೆಯೂ ಇಲ್ಲ. ಭಾವನ ಮಂಡಿಗಳು ಬಂಪರಿನ ಎತ್ತರಕ್ಕೇ ಇದ್ದವು. ಆ ಎತ್ತರವನ್ನು ಯಾರೋ ಅಳೆದು ಇಟ್ಟಿದ್ದಾರೆ ಅನ್ನಿಸಿತು. ಯಾವ ಗಂಡ ಹೊಡೆಯಲ್ಲ. ಕಾಲು ಎತ್ತಿದ.

ಒಂದು ಅಡಿ ಅಷ್ಟೇ. ಮತ್ತೆ ತುಳಿದದ್ದು ಅವನೇ, ಆದರೆ ಅಷ್ಟರಲ್ಲಿ ಬಂಪರು ಮಂಡಿಗೆ ತಾಗಿ ಭಾವ ಮೇಜಿನ ಅಂಚಿಗೆ ಬಡಿದು ಕುಸಿದ. ಫ್ಲಾಸ್ಕು ನೆಲಕ್ಕೆ ಬಿದ್ದು ಒಳಗಿನ ಗಾಜು ಪುಡಿಯಾದ ಸದ್ದು ಕೇಳಿತು, ಕಾಫಿ ಹೊಗೆಯಾಡುತ್ತ ಗ್ರೀಸಿನ ನೆಲದ ಮೇಲೆ ಹರಿಯಿತು. ಕೆಳಗಿನಿಂದ ಭಾವ ಅವನತ್ತ ನೋಡಿದ. ಹೆದರಿಕೆಯ ನಡುವೆಯೂ ಆ ಮುಖದಲ್ಲಿ ಹಳೆಯ ನಗು ಎದ್ದಿತು. "ನೋಡಿದ್ಯಾ ಮೇಷ್ಟ್ರೇ, ಗಾಡಿ ಹೆಂಗೆ ಹಾರತ್ತೆ?" ಗಾಡಿಯನ್ನು ಪಾರ್ಕಿಗೆ ನೂಕಿ ಅವನು ಕೆಳಗಿಳಿದದ್ದು, ಭಾವನ ಕಾಲರು ಹಿಡಿದದ್ದು, ಮುಷ್ಟಿ ಆ ನಗುವಿನ ಮೇಲೆ ಬಿದ್ದದ್ದು, ಎಲ್ಲ ಒಂದೇ. ಎರಡನೆಯ ಏಟಿಗೆ ಗೆಣ್ಣಿನ ಚರ್ಮ ಹಲ್ಲಿಗೆ ಸಿಕ್ಕಿ ಹರಿಯಿತು. ಮೂರನೆಯದಕ್ಕೆ ಹಲ್ಲು ಸಡಿಲವಾದದ್ದು ಕೈಗೆ ಗೊತ್ತಾಯಿತು, ನಟ್ಟಿನ ಮೊದಲ ಬಿಗಿ ಬಿಟ್ಟಾಗ ಗೊತ್ತಾಗುವ ಹಾಗೆ, ಮತ್ತು ಅವನಿಗೆ ಅದು ಹಿತವಾಗಿತ್ತು, ಇದನ್ನು ಅವನು ಎಂದೂ ಇಲ್ಲವೆನ್ನಲಾರ. ನಾಲ್ಕನೆಯದಕ್ಕೆ ಕೈ ಎತ್ತಿದಾಗ ಭಾವ ಮುಖಕ್ಕೆ ಮುಂಗೈ ಅಡ್ಡ ಹಿಡಿದ. ಮೊಣಕೈ ಎತ್ತಿ, ಅಂಗೈ ಹೊರಗೆ ಮಾಡಿ, ತಲೆ ಎಡಕ್ಕೆ ವಾಲಿಸಿ. ಅಕ್ಕ ಹಿಡಿಯುತ್ತಿದ್ದದ್ದೂ ಹಾಗೆಯೇ. ಏಟು ತಿನ್ನುವವರಿಗೆಲ್ಲ ಒಂದೇ ಮುದ್ರೆಯೇ? ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಹಾಗೆಯೇ ನಿಂತ. ತೆರೆದ ಬಾಗಿಲಿನಿಂದ ಬಿಸಿಲು ಬಂದು ಆ ಕೈಯ ನೆರಳನ್ನು ಗೋಡೆಗೆ ಹಾಕಿತ್ತು. ಅಪ್ಪನ ಕೈ ಇಷ್ಟು ದಪ್ಪ ಇರಲಿಲ್ಲ.

"ಭೇಷ್" ಅಂದರು ಬಾಗಿಲಲ್ಲಿ ಠಾಣೆಯವರು. ಕಂಕುಳಲ್ಲಿ ಕಾಗದ ಸಿಕ್ಕಿಸಿದ ಹಲಗೆ ಇತ್ತು. "ನನ್ನ ಕೆಲಸ ಎಲ್ಲ ನೀನೇ ಮುಗಿಸಿಬಿಟ್ಯಲ್ಲಯ್ಯಾ. ಬಿಡು ಅವನನ್ನ." ಅವನು ಕೈ ಇಳಿಸಿದ. ಅವರು ಕಾಫಿಯ ಮಡುವನ್ನು ದಾಟಿ ಬಂದು, ಇಂಜಿನ್ನು ಓಡುತ್ತಲೇ ಇದ್ದ ಗಾಡಿಯೊಳಗೆ ಕೂತು, ಬ್ರೇಕು ತುಳಿದು, ಹಿಡಿ ಎಳೆದರು. ನ್ಯೂಟ್ರಲ್, 'ಡಿ'. ನ್ಯೂಟ್ರಲ್, 'ಡಿ'. ಗೇರು ಬೆಣ್ಣೆಯ ಹಾಗೆ ಬಿತ್ತು. "ಏನೂ ಇಲ್ವಲ್ಲಯ್ಯಾ ಇದರಲ್ಲಿ. ಹಾಕಿದ ತಕ್ಷಣ ಹಿಡೀತಿದೆ." ನೆಲದ ಮೇಲಿದ್ದವನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಎದ್ದೇಳಪ್ಪಾ ನೀನು." ಭಾವ ಏಳಲಿಲ್ಲ. ಬಾಯಿಯ ರಕ್ತ ಒರೆಸಿಕೊಳ್ಳುತ್ತ ಇವನನ್ನೇ ನೋಡುತ್ತಿದ್ದ. ಬೇಡಲಿಲ್ಲ, ಬೈಯಲಿಲ್ಲ. ತಾನು ಒಂದು ಮಾತೂ ಆಡದೆ ನಿಂತರೆ ಸಾಕು, ಎಲ್ಲ ಮುಗಿಯುತ್ತದೆ ಎಂದು ಇವನಿಗೆ ಗೊತ್ತಿತ್ತು. ಸುಮ್ಮನೆ ನಿಲ್ಲುವುದರಲ್ಲಿ ಇವನಷ್ಟು ಪಳಗಿದವರು ಯಾರಿದ್ದಾರೆ? ಕೈ ಕಿಟಕಿಯಿಂದ ಒಳಗೆ ಹೋಗಿ ಚಾವಿ ತಿರುಗಿಸಿತು. ಇಂಜಿನ್ನು ನಿಂತಿತು.

"ಸಾರ್, ಗಾಡಿ ಬಿಸಿಯಾಗಿದೆ. ನಾನೇ ಬಿಸಿ ಮಾಡಿದ್ದು. ಬಿಸಿಯಾದ ಮೇಲೆ ಇದರ ತಪ್ಪು ಕಾಣಲ್ಲ. ನಾಳೆ ಏಳಕ್ಕೆ ಬನ್ನಿ, ತಣ್ಣಗಿರತ್ತೆ, ಐದು ಸೆಕೆಂಡು ಅಲ್ಲಾಡಲ್ಲ, ಆಮೇಲೆ ಹಾರತ್ತೆ. ಇವರು ಹೇಳಿದ್ದು ನಿಜ."

"ಇವನು ತಪ್ಪೇ ಮಾಡಿಲ್ಲ ಅಂತೀಯಾ?"

"ಇದೊಂದರಲ್ಲಿ ಇಲ್ಲ. ಇದೊಂದರಲ್ಲೇ ಇಲ್ಲ. ಮಿಕ್ಕಿದ್ದು ಅಕ್ಕ ಹೇಳ್ತಾಳೆ, ಅವಳ ಹತ್ರ ಹೋಗಿ ಬರ್ಕೊಳ್ಳಿ. ಹತ್ತು ದಿನದ ಹಿಂದೆ ಈ ಗಾಡೀನ ಬಿಸಿ ಇರುವಾಗಲೇ ನೋಡಿ ಸರಿ ಇದೆ ಅಂದೋನು ನಾನು. ತಣ್ಣಗೆ ನೋಡ್ಬೇಕು ಅಂತ ಗೊತ್ತಿತ್ತು. ನೋಡ್ಲಿಲ್ಲ. ಅದನ್ನ ಮೊದಲು ಬರೀರಿ."

ಠಾಣೆಯವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಹಲಗೆಯನ್ನು ಸ್ಟೀರಿಂಗಿಗೆ ಆನಿಸಿ ಪೆನ್ನಿನ ಮುಚ್ಚಳ ತೆಗೆದು ಬರೆದರು. ಭಾವ ನೆಲದಿಂದ ತೊದಲಿದ, "ನನ್ನ ಹಲ್ಲು..."

"ಅದನ್ನೂ ಬರೀಬೇಕೇನಯ್ಯಾ?"

"ಬರೀರಿ. ಗಾಡಿ ಮುಂದೆ ಬಿಟ್ಟಿದ್ದೂ ಬರೀರಿ. ಬೇಕು ಅಂತಲೇ ಬಿಟ್ಟೆ."

ಪೆನ್ನು ಓಡಿತು, ನಿಂತಿತು. "ಮುಗೀತಾ?"

"ಇಲ್ಲ. ಅಕ್ಕ ಎರಡು ಸಲ ಆ ಮನೆ ಬಿಟ್ಟು ಬಂದಿದ್ಲು. ನಾನೇ ವಾಪಸ್ ಕರ್ಕೊಂಡು ಹೋಗಿ ಬಿಟ್ಟೆ. ಎರಡನೇ ಸಲ ಬಾಗಿಲು ಹಿಡ್ಕೊಂಡು ಕೂತಿದ್ಲು, ಬೆರಳು ಬಿಡಿಸಿ ಇಳಿಸ್ದೆ."

"ಅದು ಕೇಸಿಗೆ ಬರಲ್ಲಯ್ಯಾ."

"ಬರೀರಿ ಸಾರ್" ಅಂದ ಅವನು, "ಬಲಗೈ. ಕಿರುಬೆರಳು."